ಟೇಬಲ್ ಮೇಲೆ ಚೆಂದ ಕಂಡ ಹಣೆ

ಮೊನ್ನೆ ಕ್ಲಿನಿಕ್ಕಿಗೆ 16 ವರ್ಷದ ಹುಡುಗನೊಬ್ಬ ಬಂದಿದ್ದ. ಅವನು 10 ತಿಂಗಳ ಮಗುವಾಗಿದ್ದಾಗ ಅವನ ಹಣೆಯ ಆಪರೇಷನ್ ಮಾಡಿದ್ದು ನಾನು. ಟ್ರೈನಿಂಗ್ ಎಲ್ಲ ಮುಗಿದ ಮೇಲೆ, ಬೆನ್ನ ಹಿಂದೆ ನಿಂತು ನೋಡುವ ಗುರುಗಳಿಲ್ಲದೆ, ಪೂರ್ತಿ ಹೊಣೆ ಹೊತ್ತು ಮಾಡಿದ ಮೊದಮೊದಲ ಆಪರೇಷನ್‌ಗಳಲ್ಲಿ ಅದೂ ಒಂದು. ಹುಡುಗ ಚೆನ್ನಾಗಿದ್ದಾನೆ. ಎತ್ತರ ಬೆಳೆದಿದ್ದಾನೆ, ದನಿ ಒಡೆದಿದೆ, ಓದಿನಲ್ಲಿ ಚುರುಕು. ಆದರೆ ಅವನು ಬಾಗಿಲು ದಾಟಿ ಒಳಗೆ ಬರುವಾಗಲೇ ನನ್ನ ಕಣ್ಣು ಹೋಗಿ ನಿಂತದ್ದು ಅವನ ಕಣತಲೆಯ ಮೇಲೆ. ಹುಬ್ಬು ಮುಗಿದು ಕೂದಲು ಶುರುವಾಗುವ ನಡುವಿನ ಆ ಜಾಗ ಎರಡೂ ಕಡೆ ಸ್ವಲ್ಪ ಒಳಗೆ ಹೋಗಿದೆ. ಹೆಬ್ಬೆರಳು ಇಟ್ಟರೆ ಕೂರುವಷ್ಟು ತಗ್ಗು. ಬೇರೆ ಯಾರಿಗೂ ಅದು ಕಾಣಿಸಲಿಕ್ಕಿಲ್ಲ. ನನಗೆ ಕಾಣಿಸುತ್ತದೆ, ಯಾಕೆಂದರೆ ಆ ತಗ್ಗು ಹೇಗೆ ಬಂತು ಅಂತ ನನಗೆ ಗೊತ್ತು.

ಮೆಡಿಕಲ್ ಓದುತ್ತಿರುವ ಹುಡುಗ ಹುಡುಗಿಯರು ಆಗಾಗ ನನಗೆ ಮೇಲ್ ಬರೆಯುತ್ತಾರೆ. ಮಕ್ಕಳ ಕ್ರೇನಿಯೋಫೇಷಿಯಲ್ ಸರ್ಜನ್, ಅಂದರೆ ತಲೆಬುರುಡೆ ಮತ್ತು ಮುಖದ ಸರ್ಜನ್ ಆಗಬೇಕು, ಎಷ್ಟು ವರ್ಷ ಬೇಕು, ಯಾವ ದಾರಿ ಒಳ್ಳೆಯದು, ಕೆಲಸ ಹೇಗಿರುತ್ತದೆ ಅಂತ ಕೇಳುತ್ತಾರೆ. ವರ್ಷಗಳ ಲೆಕ್ಕ ಹೇಳುವುದು ಸುಲಭ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಉತ್ತರ ಬರೆಯಲು ಕೂತಾಗಲೆಲ್ಲ ನೆನಪಿಗೆ ಬರುವುದು ಇಂಥ ಹಣೆಗಳೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಟ್ಟಿದ ಮಗುವಿನ ತಲೆಬುರುಡೆ ಒಂದೇ ಮೂಳೆ ಅಲ್ಲ. ಹಲವು ತುಂಡುಗಳು, ಅವುಗಳ ನಡುವೆ ಮೆತ್ತನೆಯ ಗೆರೆಗಳು. ಈ ಗೆರೆಗಳಿಗೆ ನಾವು ಸೂಚರ್ ಎನ್ನುತ್ತೇವೆ, ಹೊಲಿಗೆ ಅಂತಲೇ ಅರ್ಥ. ಮೊದಲ ವರ್ಷದಲ್ಲಿ ಮಿದುಳು ಸುಮಾರು ಎರಡು ಪಟ್ಟು ದೊಡ್ಡದಾಗುತ್ತದೆ, ಅದು ಒಳಗಿಂದ ಒತ್ತಿದ ಹಾಗೆ ಗೆರೆಗಳು ಅಗಲಿ ಜಾಗ ಕೊಡುತ್ತವೆ, ಅಗಲಿದ ಕಡೆ ಹೊಸ ಮೂಳೆ ಕೂರುತ್ತದೆ. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಂದು ಮಗುವಿಗೆ ಇಂಥ ಒಂದು ಗೆರೆ ಹೊತ್ತಿಗೆ ಮುಂಚೆಯೇ ಮುಚ್ಚಿಕೊಂಡಿರುತ್ತದೆ. ಆಗ ಆ ಗೆರೆಗೆ ಅಡ್ಡಲಾಗಿ ಬುರುಡೆ ಬೆಳೆಯುವುದಿಲ್ಲ, ಬೇರೆ ಕಡೆ ಜಾಸ್ತಿ ಬೆಳೆದು ಸರಿದೂಗಿಸಿಕೊಳ್ಳಲು ನೋಡುತ್ತದೆ. ಇದನ್ನು ಜರ್ಮನಿಯ ರುಡಾಲ್ಫ್ ಫಿರ್ಶೋ 1851ರಲ್ಲೇ ಬರೆದಿಟ್ಟಿದ್ದಾರೆ. ಈ ಹುಡುಗನಿಗೆ ಮುಚ್ಚಿದ್ದು ಹಣೆಯ ನಡುವಿನ ಗೆರೆ. ಮೇಲಿನಿಂದ ನೋಡಿದರೆ ತಲೆ ತ್ರಿಕೋನ, ಹಣೆ ದೋಣಿಯ ಮೂತಿಯ ಹಾಗೆ ಚೂಪು, ಕಣ್ಣುಗಳು ಹತ್ತಿರ ಹತ್ತಿರ.

ಅಂಥ ಹಣೆಯನ್ನು ಸರಿ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ನೆತ್ತಿಯ ಮೇಲೆ ಹಾದು ಚರ್ಮ ಕೊಯ್ಯುತ್ತೇವೆ. ನೇರ ಗೆರೆ ಅಲ್ಲ, ಅಂಕುಡೊಂಕು ಗೆರೆ. ನೇರವಾಗಿ ಕೊಯ್ದರೆ ಮುಂದೆ ಈಜಿ ಬಂದಾಗ ಒದ್ದೆ ಕೂದಲು ಆ ಗಾಯದ ಉದ್ದಕ್ಕೂ ಬೈತಲೆ ತೆಗೆದ ಹಾಗೆ ಬೇರೆಯಾಗಿ ಎದ್ದು ಕಾಣುತ್ತದೆ. ಚರ್ಮವನ್ನು ಮುಂದಕ್ಕೆ ಮಡಚಿದ ಮೇಲೆ ನ್ಯೂರೋಸರ್ಜನ್ ಹಣೆಯ ಮೂಳೆಯನ್ನು ಬಿಡಿಸಿ ಕೊಡುತ್ತಾರೆ. ಕೆಳಗೆ ಡ್ಯೂರಾ ಎಂಬ ಪೊರೆ, ಅದರಡಿ ಮಿದುಳು. ಎದೆ ಬಡಿತಕ್ಕೊಮ್ಮೆ ಅದು ಸಣ್ಣಗೆ ಮಿಡಿಯುತ್ತದೆ, ಉಸಿರಿಗೊಮ್ಮೆ ನಿಧಾನವಾಗಿ ಏರಿಳಿಯುತ್ತದೆ. ಎಷ್ಟು ವರ್ಷ ನೋಡಿದರೂ ಆ ಎರಡು ತಾಳ ಒಟ್ಟಿಗೆ ನಡೆಯುವುದನ್ನು ಕಂಡಾಗ ನಾನು ಒಂದು ಕ್ಷಣ ಸುಮ್ನೆ ನಿಲ್ಲುತ್ತೇನೆ. ಆಮೇಲೆ ಹುಬ್ಬಿನ ಕೆಳಗಿನ ಮೂಳೆಯ ಪಟ್ಟಿಯನ್ನು, ಕಣ್ಣುಗುಡ್ಡೆಗಳನ್ನು ಕಾಪಾಡಿಕೊಂಡು, ಬಿಡಿಸಿ ಹೊರಗೆ ತೆಗೆಯುತ್ತೇವೆ. ಪಕ್ಕದ ಟೇಬಲ್ಲಿನ ಮೇಲೆ ಅದನ್ನಿಟ್ಟು ಬಗ್ಗಿಸುತ್ತೇವೆ. ಆ ವಯಸ್ಸಿನ ಮೂಳೆ ಹಸಿ ಕಡ್ಡಿಯ ಹಾಗೆ, ನಿಧಾನವಾಗಿ ಒತ್ತಿದರೆ ಬಾಗುತ್ತದೆ, ಅವಸರ ಮಾಡಿದರೆ ಪಟ್ಟನೆ ಮುರಿಯುತ್ತದೆ. ಇಕ್ಕಳದಿಂದ ಒತ್ತಿ, ಎತ್ತಿ ಹಿಡಿದು ನೋಡಿ, ಮತ್ತೆ ಒತ್ತಿ, V ಆಕಾರದಲ್ಲಿ ಇದ್ದದ್ದನ್ನು ಅಗಲವಾದ ಕಮಾನು ಮಾಡಿ, ತಿರುಗಿ ಜಾಗಕ್ಕೆ ಕೂರಿಸಿ, ಮೈಯಲ್ಲೇ ಕರಗಿ ಹೋಗುವ ಪ್ಲೇಟು ಸ್ಕ್ರೂಗಳಿಂದ ಬಿಗಿಯುತ್ತೇವೆ.

ಇಷ್ಟೆಲ್ಲ ನಡೆಯುವಾಗ ಅರಿವಳಿಕೆ ವೈದ್ಯರ ಕಣ್ಣು ರಕ್ತದ ಲೆಕ್ಕದ ಮೇಲೆ. ಶಿಶುವಿನ ಮೈಯಲ್ಲಿ ಕಿಲೋಗೆ ಸುಮಾರು 80 ಎಂಎಲ್ ರಕ್ತ. ಎಂಟೂವರೆ ಕಿಲೋ ಮಗು ಅಂದರೆ ಒಟ್ಟು 680 ಎಂಎಲ್. ದೊಡ್ಡವರಲ್ಲಿ 100 ಎಂಎಲ್ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಇಲ್ಲಿ ಅಷ್ಟೇ ಹೋದರೆ ಏಳರಲ್ಲಿ ಒಂದು ಪಾಲು ಹೋಯಿತು. ಒಳ್ಳೆಯ ಅರಿವಳಿಕೆ ವೈದ್ಯರು ಇಲ್ಲದ ಕಡೆ ಈ ಕೆಲಸಕ್ಕೆ ಕೈ ಹಾಕಬಾರದು. ಹೆಸರು ಬರುವುದು ಸರ್ಜನ್‌ಗೆ, ಮಗುವನ್ನು ಉಳಿಸಿಕೊಂಡು ಬರುವವರು ಅವರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ದಿನ ಕೊನೆಯಲ್ಲಿ ಚರ್ಮವನ್ನು ವಾಪಸ್ ಎಳೆದು ಮೇಲಿನಿಂದ ನೋಡಿದಾಗ ಹಣೆ ತುಂಬಾ ಚೆಂದ ಕಂಡಿತು. ದುಂಡಗೆ, ನಯವಾಗಿ, ಯಾವ ಮಗುವಿನ ಹಣೆ ಹೇಗಿರಬೇಕೋ ಹಾಗೇ. ಥಿಯೇಟರಿನಲ್ಲಿ ಇದ್ದವರೆಲ್ಲ ಮೆಚ್ಚಿದರು. ನನಗೆ ಹೇಳಲಾರದಷ್ಟು ಖುಷಿ. ಆದರೆ ಫೆಲೋಶಿಪ್ಪಿನಲ್ಲಿ, ಅಂದರೆ ಟ್ರೈನಿಂಗಿನ ಕೊನೆಯ ವರ್ಷದಲ್ಲಿ, ನನ್ನ ಗುರುಗಳು ಮತ್ತೆ ಮತ್ತೆ ಹೇಳಿದ್ದು ಬೇರೆ. ಹಣೆ ಟೇಬಲ್ ಮೇಲೆ ಸರಿಯಾಗಿ ಕಂಡರೆ ಅದು ಸಾಕಾಗಿಲ್ಲ ಅಂತ ತಿಳಿದುಕೊ, ಎರಡೂ ಪಕ್ಕ ಬೇಕಾದ್ದಕ್ಕಿಂತ ಜಾಸ್ತಿ ಅಗಲ ಮಾಡು, ನೋಡುವವರಿಗೆ ಸ್ವಲ್ಪ ವಿಕಾರ ಅನ್ನಿಸುವಷ್ಟು ಮಾಡು ಅನ್ನುತ್ತಿದ್ದರು. ಆಪರೇಷನ್ ಆದ ಆ ಮೂಳೆ ಮುಂದೆ ಉಳಿದ ಬುರುಡೆಯಷ್ಟು ಚೆನ್ನಾಗಿ ಬೆಳೆಯುವುದಿಲ್ಲ, ಪಕ್ಕದ ಸ್ನಾಯುವೂ ಸೊರಗಬಹುದು, ಹಾಗಾಗಿ ಅವತ್ತಿನ ಹೆಚ್ಚಳ ಹತ್ತು ವರ್ಷದ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಈ ಮಾತನ್ನು ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಚಿಕ್ಕವರಿಗೆ ಪಾಠವನ್ನೂ ಮಾಡಿದ್ದೆ. ಆದರೂ ಆ ದಿನ ಕೈ ಬರಲಿಲ್ಲ. ಹೊರಗೆ ಕಾಯುತ್ತಿದ್ದ ತಾಯಿಗೆ ಅಂದವಾದ ಹಣೆ ತೋರಿಸಬೇಕು ಅನ್ನಿಸಿತು. ಇನ್ನೂ ಆರೇಳು ಮಿಲಿಮೀಟರ್ ಹೊರಗೆ ತಳ್ಳಬೇಕಿದ್ದ ಜಾಗದಲ್ಲಿ ನಿಲ್ಲಿಸಿಬಿಟ್ಟೆ. ತಗ್ಗು ಕಾಣಲು ಶುರುವಾದದ್ದು ಅವನಿಗೆ ಐದಾರು ವರ್ಷ ಆದಾಗ.

ನಾನು ಹೇಳಬೇಕಾದ್ದು ಇದನ್ನೇ. ಈ ಕೆಲಸದಲ್ಲಿ ಕೈ ಕಲಿಸುವವರು ಸಿಗುತ್ತಾರೆ, ಪುಸ್ತಕ ಸಿಗುತ್ತದೆ, ಆದರೆ ಮಾಡಿದ ಕೆಲಸದ ಫಲಿತಾಂಶ ನೋಡಲು 15-18 ವರ್ಷ ಬೇಕು, ಫೆಲೋಶಿಪ್ ಇರುವುದು ಒಂದು ವರ್ಷ.

ಸರಿ, ವರ್ಷಗಳ ಲೆಕ್ಕ. ಮೊದಲು ಐದಾರು ವರ್ಷದ ವೈದ್ಯಕೀಯ ಶಿಕ್ಷಣ. ಅಮೆರಿಕದಂಥ ಕಡೆ ಮೊದಲು ನಾಲ್ಕು ವರ್ಷದ ಬೇರೆ ಡಿಗ್ರಿ, ಅದಾದ ಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ. ಆಮೇಲೆ ಹೆಚ್ಚಿನವರು ಹಿಡಿಯುವುದು ಪ್ಲಾಸ್ಟಿಕ್ ಸರ್ಜರಿ ದಾರಿ. ಕೆಲವು ದೇಶಗಳಲ್ಲಿ ಅದು ನೇರವಾಗಿ ಆರು ವರ್ಷ, ಕೆಲವು ಕಡೆ ಮೊದಲು ಜನರಲ್ ಸರ್ಜರಿ ಮುಗಿಸಿ ಆಮೇಲೆ ಇನ್ನು ಮೂರು ವರ್ಷ. ಇನ್ನೊಂದು ದಾರಿ ದವಡೆ ಮತ್ತು ಮುಖದ ಸರ್ಜರಿಯದು. ಬ್ರಿಟನ್ನಿನಲ್ಲಿ ಈ ದಾರಿಯವರು ದಂತವೈದ್ಯಕೀಯ, ವೈದ್ಯಕೀಯ ಎರಡೂ ಡಿಗ್ರಿ ಮಾಡಬೇಕು. ಮಿದುಳಿನ ಕಡೆಯಿಂದ ಬರುವವರೂ ಇದ್ದಾರೆ, ಮಕ್ಕಳ ನ್ಯೂರೋಸರ್ಜರಿ ಮಾಡಿ ಬುರುಡೆಯ ಮೇಲೆ ಮನಸ್ಸು ನೆಟ್ಟವರು. ಇದೆಲ್ಲ ಆದ ಮೇಲೆ ಕ್ರೇನಿಯೋಫೇಷಿಯಲ್ ಫೆಲೋಶಿಪ್. ಸ್ವಂತವಾಗಿ ಕೆಲಸ ಶುರು ಮಾಡುವಾಗ ವಯಸ್ಸು 33-35 ಆಗಿರುತ್ತದೆ. ಯಾವ ದಾರಿ ಒಳ್ಳೆಯದು ಅಂತ ಕೇಳಿದರೆ ನನ್ನ ಉತ್ತರ, ಮಕ್ಕಳ ಕೇಸು ಜಾಸ್ತಿ ಬರುವ ಕಡೆ ಹೋಗಿ. ಡಿಗ್ರಿಯ ಹೆಸರಿಗಿಂತ ಅದು ಮುಖ್ಯ.

ಫೆಲೋಶಿಪ್ಪಿನ ಆ ಒಂದು ವರ್ಷ ನನ್ನ ಬದುಕಿನ ತುಂಬು ವರ್ಷ. ಬೆಳಗ್ಗೆ ಕತ್ತಲಿರುವಾಗಲೇ ವಾರ್ಡು, ಆಮೇಲೆ ಎಂಟು ಹತ್ತು ಗಂಟೆ ಥಿಯೇಟರು, ರಾತ್ರಿ ಸಿಟಿ ಸ್ಕ್ಯಾನ್ ಮುಂದೆ ಕೂತು ಮರುದಿನದ ಕೇಸಿನ ಲೆಕ್ಕ. ನಮ್ಮ ಗುರುಗಳು ಪ್ರತಿ ಕೇಸಿಗೂ ಮುಂಚೆ ಮಗುವಿನ ಬುರುಡೆಯ ಚಿತ್ರವನ್ನು ಕೈಯಲ್ಲಿ ಬಿಡಿಸಿ ತರಲು ಹೇಳುತ್ತಿದ್ದರು. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ. ಚಿತ್ರ ಬಿಡಿಸಲು ಬಾರದವರೂ ಬಿಡಿಸಲೇಬೇಕು. ಮೊದಲ ತಿಂಗಳು ಇದು ಯಾಕೆ ಅಂತ ಬೇಸರ. ಮೂರನೇ ತಿಂಗಳಿಗೆ ಅರ್ಥ ಆಯಿತು, ಪೆನ್ಸಿಲ್ ಹಿಡಿದು ಎರಡು ಬದಿ ಹೋಲಿಸಿ ನೋಡದೆ ಕಣ್ಣಳತೆ ಬರುವುದಿಲ್ಲ. ಈಗ ಕಂಪ್ಯೂಟರಿನಲ್ಲಿ ಮೊದಲೇ ಆಪರೇಷನ್ ಮಾಡಿ ನೋಡಬಹುದು, ಎಲ್ಲಿ ಕೊಯ್ಯಬೇಕು ಅನ್ನುವ ಅಚ್ಚನ್ನೇ ಪ್ರಿಂಟ್ ತೆಗೆದು ಥಿಯೇಟರಿಗೆ ತರಬಹುದು. ತುಂಬಾ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೂ ನನ್ನ ಬಳಿ ಕಲಿಯುವವರಿಗೆ ಪೆನ್ಸಿಲ್ ಬಿಡಿಸಿಲ್ಲ.

ಆ ವರ್ಷದಲ್ಲಿ ಕೊಯ್ಯುವುದು, ಬಗ್ಗಿಸುವುದು, ಹೊಲಿಯುವುದು ಎಲ್ಲ ಕಲಿತೆ. ಆದರೆ ನಾನು ಕೈ ಹಾಕಿದ ಯಾವ ಮಗುವೂ ಆ ವರ್ಷದಲ್ಲಿ ದೊಡ್ಡದಾಗಲಿಲ್ಲ, ಅಲ್ವಾ? ಅಷ್ಟೂ ಮಕ್ಕಳನ್ನು ಊತ ಇಳಿದ ಮೊದಲ ತಿಂಗಳಲ್ಲಿ ನೋಡಿ ಬಿಟ್ಟು ಬಂದೆ. ಅವರ ಹಣೆ ಈಗ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಈಗ ಹಿಂತಿರುಗಿ ನೋಡಿದರೆ, ಅಲ್ಲಿದ್ದಾಗ ಗುರುಗಳ ಹಳೇ ಫೋಟೋಗಳ ಕಪಾಟಿನ ಮುಂದೆ ಇನ್ನೂ ಜಾಸ್ತಿ ಹೊತ್ತು ಕೂರಬೇಕಿತ್ತು ಅನ್ನಿಸುತ್ತದೆ. 3 ತಿಂಗಳು, 1 ವರ್ಷ, 5 ವರ್ಷ, 10 ವರ್ಷ, 18 ವರ್ಷ, ಒಂದೇ ಮುಖದ ಐದು ಫೋಟೋ ಸಾಲಾಗಿ. ಫೆಲೋಶಿಪ್ಪಿಗೆ ಹೋಗುವವರಿಗೆ ನಾನು ಕೊಡುವ ಒಂದೇ ಸಲಹೆ ಇದು, ಆ ಕಪಾಟು ಎಲ್ಲಿದೆ ಅಂತ ಮೊದಲ ವಾರದಲ್ಲೇ ಕೇಳಿ.

ಈ ವಿದ್ಯೆಗೆ ವಯಸ್ಸೂ ಹೆಚ್ಚಾಗಿಲ್ಲ. ಫ್ರಾನ್ಸಿನ ಪಾಲ್ ಟೆಸಿಯೇ ಇದನ್ನು ಕಟ್ಟಿದವರು, ಹುಟ್ಟಿದ್ದು 1917, ತೀರಿಕೊಂಡದ್ದು 2008. ಅವರಿಗಿಂತ ಮುಂಚೆ, 1940ರ ದಶಕದಲ್ಲಿ, ಬ್ರಿಟನ್ನಿನ ಹೆರಾಲ್ಡ್ ಗಿಲೀಸ್ ಮುಖದ ನಡುಭಾಗವನ್ನೇ ಬುರುಡೆಯಿಂದ ಬಿಡಿಸಿ ಮುಂದಕ್ಕೆ ತರುವ ಆಪರೇಷನ್ ಒಂದನ್ನು ಮಾಡಿದ್ದರು. ಫಲಿತಾಂಶ ಮನಸ್ಸಿಗೆ ಒಪ್ಪದೆ ಅದನ್ನು ಅವರು ಮುಂದುವರಿಸಲಿಲ್ಲ. ಟೆಸಿಯೇ ಬಳಿಗೆ 1950ರ ದಶಕದ ಕೊನೆಯಲ್ಲಿ ಇಂಥದ್ದೇ ಮುಖದ ಒಬ್ಬ ಯುವಕ ಬಂದ. ಮುಖದ ನಡುಭಾಗ ಒಳಗೆ, ಕಣ್ಣುಗಳು ಹೊರಗೆ. ಟೆಸಿಯೇ ತಕ್ಷಣ ಕೈ ಹಾಕಲಿಲ್ಲ. ಪ್ಯಾರಿಸ್ಸಿನಲ್ಲಿ ಅಭ್ಯಾಸಕ್ಕೆ ಶವ ಸಿಗದ ಕಾರಣ, ದಿನದ ಕೆಲಸ ಮುಗಿಸಿ ರೈಲು ಹತ್ತಿ ನಾಂಟ್ ಊರಿಗೆ ಹೋಗಿ, ರಾತ್ರಿ ಅಲ್ಲಿ ಶವಗಳ ಮೇಲೆ ಕೊಯ್ದು ನೋಡಿ, ಮತ್ತೆ ರೈಲಿನಲ್ಲಿ ವಾಪಸ್ ಬರುತ್ತಿದ್ದರು. ಆಮೇಲೆ ಕಣ್ಣುಗಳು ತೀರಾ ದೂರ ಇರುವ ರೋಗಿಗಳ ವಿಷಯದಲ್ಲಿ ಮಿದುಳಿನ ಕಡೆಯಿಂದ ಹೋಗಬಹುದೇ ಅಂತ ನ್ಯೂರೋಸರ್ಜನ್ ಜೆರಾರ್ ಗಿಯೋ ಅವರನ್ನು ಕೇಳಿದರು. ಗಿಯೋ ಹೇಳಿದ್ದು ಎರಡೇ ಮಾತು, 'ಯಾಕೆ ಆಗಬಾರದು?' 1967ರಲ್ಲಿ ರೋಮ್ ನಗರದ ಸಮ್ಮೇಳನದಲ್ಲಿ ಟೆಸಿಯೇ ತಮ್ಮ ರೋಗಿಗಳ ಚಿತ್ರ ತೋರಿಸಿದರು. ಈ ವಿದ್ಯೆ ಶುರುವಾದದ್ದು ಅವತ್ತು ಅಂತ ನಾವೆಲ್ಲ ಲೆಕ್ಕ ಹಿಡಿಯುತ್ತೇವೆ. ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಆ ರಾತ್ರಿಯ ರೈಲು ಜಾಸ್ತಿ ಇಷ್ಟ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮೂತ್ರಪಿಂಡ ಕಸಿಗಾಗಿ 1990ರಲ್ಲಿ ನೊಬೆಲ್ ಪಡೆದ ಜೋಸೆಫ್ ಮರ್ರಿ ಪ್ಲಾಸ್ಟಿಕ್ ಸರ್ಜನ್. ಕಸಿ ಕೆಲಸ ಬಿಟ್ಟ ಮೇಲೆ ಅವರು ಬಾಸ್ಟನ್ನಿನಲ್ಲಿ ಮಕ್ಕಳ ಮುಖ ಬುರುಡೆಯ ಆಪರೇಷನ್‌ಗಳನ್ನೇ ಮಾಡಿಕೊಂಡಿದ್ದರು.

ನಮ್ಮ ದಿನನಿತ್ಯದ ಕೆಲಸ ಮಾತ್ರ ಬುರುಡೆಗಿಂತ ಜಾಸ್ತಿ ತುಟಿ, ಅಂಗುಳಗಳದು. ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಸೀಳುತುಟಿಯೋ ಸೀಳು ಅಂಗುಳವೋ ಇರುತ್ತದೆ. ತುಟಿಯ ಆಪರೇಷನ್ ಸುಮಾರು 3 ತಿಂಗಳಿಗೆ. ಇದರಲ್ಲಿ ಅರ್ಧ ಕೆಲಸ ಕೊಯ್ಯುವ ಮುಂಚೆಯೇ ಮುಗಿದಿರುತ್ತದೆ. ಸೂಜಿಯ ಮೊನೆಗೆ ನೀಲಿ ಶಾಯಿ ಮುಟ್ಟಿಸಿ ಮಗುವಿನ ತುಟಿಯ ಮೇಲೆ ಚುಕ್ಕಿ ಇಡುತ್ತಾ ಹೋಗುತ್ತೇವೆ. ತುಟಿಯ ಕೆಂಪು ಮುಗಿದು ಚರ್ಮ ಶುರುವಾಗುವ ಕಡೆ ಬೆಳ್ಳಗಿನ ಒಂದು ಸಣ್ಣ ಏರು ಇದೆ, ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳಿ, ನಿಮಗೂ ಕಾಣುತ್ತದೆ. ಸೀಳಿನ ಈ ಕಡೆಯ ಏರು, ಆ ಕಡೆಯ ಏರು, ಎರಡೂ ಹೊಲಿದಾಗ ಒಂದಕ್ಕೊಂದು ಸೇರಬೇಕು. ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಎದುರು ಕೂತು ಮಾತಾಡುವವರ ಕಣ್ಣಿಗೆ ಅದು ಬೀಳುತ್ತದೆ, ಆ ಮಗು ಬದುಕಿರುವ ತನಕ ಬೀಳುತ್ತದೆ. ಹಾಗಾಗಿ ಚುಕ್ಕಿ ಇಡುವಾಗ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ. ಗಾಯವನ್ನು ಮೂಗಿನ ಕೆಳಗಿನ ಸಹಜ ಗೆರೆಯಲ್ಲಿ ಬಚ್ಚಿಡುವ ಉಪಾಯವನ್ನು ಅಮೆರಿಕದ ರಾಲ್ಫ್ ಮಿಲಾರ್ಡ್ 1950ರ ದಶಕದಲ್ಲಿ ಕೊಟ್ಟರು. ಇವತ್ತಿಗೂ ಅದನ್ನೇ ಅಲ್ಪಸ್ವಲ್ಪ ಬದಲಿಸಿಕೊಂಡು ಮಾಡುವವರು ಎಷ್ಟೋ ಜನ.

ಅಂಗುಳ ಮುಚ್ಚುವುದು ವರ್ಷ ತುಂಬುವ ಹೊತ್ತಿಗೆ. ಅದು ಚೆನ್ನಾಗಿ ಆಯಿತೋ ಇಲ್ಲವೋ ಅಂತ ನೋಡಿ ತಿಳಿಯುವುದಿಲ್ಲ, ಕೇಳಿ ತಿಳಿಯಬೇಕು, ಅದಕ್ಕೆ ಮಗು ಮಾತಾಡುವವರೆಗೆ ಕಾಯಬೇಕು. ಮೂರು ನಾಲ್ಕು ವರ್ಷದ ಮಗುವನ್ನು ಎದುರು ಕೂರಿಸಿಕೊಂಡು 'ಪಾಪ', 'ಕಪ್ಪೆ', 'ಪಟಪಟ' ಅನ್ನಿಸುತ್ತೇವೆ. ಅಂಗುಳದ ಸ್ನಾಯು ಸರಿಯಾಗಿ ಎದ್ದು ಮೂಗಿನ ದಾರಿ ಮುಚ್ಚಿದರೆ 'ಪ' ಗಟ್ಟಿಯಾಗಿ ಸಿಡಿಯುತ್ತದೆ. ಇಲ್ಲದಿದ್ದರೆ ಗಾಳಿ ಮೂಗಿನಲ್ಲಿ ಸೋರಿ 'ಬಾಬಾ' ಅನ್ನುವುದು 'ಮಾಮಾ' ಆಗುತ್ತದೆ. ಮೂಗಿನ ಕೆಳಗೆ ಸಣ್ಣ ಕನ್ನಡಿ ಹಿಡಿದರೆ ಅದು ಮಸುಕಾಗುತ್ತದೆ. ಎಷ್ಟೋ ಸಲ ಆ ಕನ್ನಡಿ ಹಿಡಿದಾಗ ನನ್ನ ಎದೆ ಹೊಡೆದುಕೊಂಡಿದೆ. ಮೂರು ವರ್ಷದ ಹಿಂದೆ ನಾನು ಮಾಡಿದ ಕೆಲಸಕ್ಕೆ ಆ ಮಗು ಅವತ್ತು ಅಂಕ ಕೊಡುತ್ತಿರುತ್ತದೆ.

ಇಲ್ಲೇ ಇನ್ನೊಂದು ಕಷ್ಟ ಇದೆ, ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಆಪರೇಷನ್ನೇ ಆಗದೆ ದೊಡ್ಡವರಾದ ಸೀಳು ಅಂಗುಳದವರ ದವಡೆಗಳನ್ನು ಮೆಕ್ಸಿಕೋದ ಫರ್ನಾಂಡೋ ಓರ್ಟಿಸ್ ಮೊನಾಸ್ಟೇರಿಯೋ 1959ರಲ್ಲೇ ಅಳೆದು ನೋಡಿದ್ದರು. ಅವರ ಮೇಲ್ದವಡೆ ಚೆನ್ನಾಗಿಯೇ ಬೆಳೆದಿತ್ತು. ಅಂದರೆ ಸೀಳು ಅಂಗುಳದ ಮಕ್ಕಳಲ್ಲಿ ಮೇಲ್ದವಡೆ ಹಿಂದೆ ಉಳಿಯುವುದಕ್ಕೆ ನಾವು ಮಾಡುವ ಗಾಯದ ಕಲೆಯೂ ದೊಡ್ಡ ಕಾರಣ. ಮಾತು ಸರಿಯಾಗಬೇಕಾದರೆ ಬೇಗ ಮುಚ್ಚಬೇಕು. ದವಡೆ ಬೆಳೆಯಬೇಕಾದರೆ ತಡವಾಗಿ ಮುಚ್ಚಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಮಾತು ಮುಖ್ಯ ಅಂತ ನಾವು ಬೇಗ ಮುಚ್ಚುತ್ತೇವೆ, ಅದು ಸರಿ ಅಂತಲೇ ನಾನು ನಂಬುತ್ತೇನೆ, ಆದರೆ ಆ ಮಕ್ಕಳಲ್ಲಿ ಕೆಲವರಿಗೆ 16-18ರ ವಯಸ್ಸಿಗೆ ಮೇಲ್ದವಡೆಯನ್ನು ಬಿಡಿಸಿ ಮುಂದಕ್ಕೆ ತರುವ ದೊಡ್ಡ ಆಪರೇಷನ್ ಬೇಕಾಗುತ್ತದೆ. ಮುಂದೆ ತೀರಿಸಬೇಕಾದ ಸಾಲದ ಹಾಗೆ ಇದು. ಹಾಗಾಗಿ ಅಂಗುಳ ಮುಚ್ಚುವ ದಿನವೇ ತಂದೆತಾಯಿಗೆ ಈ ಮಾತು ಹೇಳಿಬಿಡುತ್ತೇನೆ.

ಬೆಳವಣಿಗೆ ನಮಗೆ ಇನ್ನೊಂದು ಪಾಠವನ್ನೂ ಕಲಿಸಿತು. ಒಂದು ಕಾಲದಲ್ಲಿ ಶಿಶುಗಳ ಬುರುಡೆಗೂ ಟೈಟೇನಿಯಂ ಪ್ಲೇಟು ಹಾಕುತ್ತಿದ್ದರು. ಗಟ್ಟಿ, ಹಗುರ, ತುಕ್ಕು ಹಿಡಿಯದ ಲೋಹ, ಇನ್ನೇನು ಬೇಕು ಅನ್ನಿಸಿತ್ತು. ಆದರೆ ಮಗುವಿನ ಬುರುಡೆ ದೊಡ್ಡದಾಗುವಾಗ ಹೊರಗಡೆ ಹೊಸ ಮೂಳೆ ಕೂರುತ್ತದೆ, ಒಳಗಡೆ ಹಳೆಯದು ಕರಗುತ್ತದೆ. ಪ್ಲೇಟು ಇದ್ದಲ್ಲೇ ಇತ್ತು, ಬುರುಡೆ ಅದನ್ನು ದಾಟಿ ಹೊರಗೆ ಹೋಯಿತು. ವರ್ಷಗಳ ನಂತರ ಬೇರೆ ಕಾರಣಕ್ಕೆ ತೆರೆದು ನೋಡಿದಾಗ ಹಣೆಯ ಮೇಲೆ ಹಾಕಿದ್ದ ಪ್ಲೇಟುಗಳು ಮೂಳೆಯ ಒಳಮೈಯಲ್ಲಿ ಡ್ಯೂರಾಕ್ಕೆ ತಾಗಿಕೊಂಡಿದ್ದವು. 1990ರ ದಶಕದಲ್ಲಿ ಕರಗುವ ಪ್ಲೇಟುಗಳು ಬಂದದ್ದು ಈ ಭಯದಿಂದಲೇ.

ಬೆಳವಣಿಗೆಯನ್ನೇ ಕೆಲಸಕ್ಕೆ ಹಚ್ಚುವ ಒಂದು ಆಪರೇಷನ್ನೂ ಇದೆ. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಗವ್ರಿಲ್ ಇಲಿಜರೋವ್ ಕಾಲಿನ ಮೂಳೆಯನ್ನು ಕೊಯ್ದು, ಎರಡು ತುದಿಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಮಾಡುತ್ತಾ ಹೋದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ ಅಂತ ತೋರಿಸಿದ್ದರು. ಅದನ್ನು ಮಕ್ಕಳ ಕೆಳದವಡೆಗೆ ತಂದು 1992ರಲ್ಲಿ ಪ್ರಕಟಿಸಿದವರು ನ್ಯೂಯಾರ್ಕಿನ ಜೋಸೆಫ್ ಮೆಕಾರ್ಥಿ ಮತ್ತು ಅವರ ತಂಡ. ಪಿಯೇರ್ ರಾಬಿನ್ ತೊಂದರೆ ಇರುವ ಹಸುಗೂಸುಗಳ ದವಡೆ ತೀರಾ ಚಿಕ್ಕದು, ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ತೀವ್ರವಾಗಿ ಇದ್ದವರಿಗೆ ದವಡೆಯ ಎರಡೂ ಕಡೆ ಕೊಯ್ದು ಸಣ್ಣ ಸ್ಕ್ರೂ ಯಂತ್ರ ಕೂರಿಸುತ್ತೇವೆ. ಒಬ್ಬ ತಾಯಿ ನೆನಪಾಗುತ್ತಾರೆ. ಮೊದಲ ದಿನ ಸ್ಕ್ರೂ ತಿರುಗಿಸುವ ಕಡ್ಡಿಯನ್ನು ಮುಟ್ಟಲೂ ಹೆದರಿ ಅತ್ತವರು, ನಾಲ್ಕನೇ ದಿನ ಮಗುವಿನ ಕಿವಿಯಲ್ಲಿ ಏನೋ ಗುನುಗುತ್ತಾ ತಾವೇ ತಿರುಗಿಸಿದರು. ಬೆಳಗ್ಗೆ ಅರ್ಧ ಸುತ್ತು, ಸಂಜೆ ಅರ್ಧ ಸುತ್ತು. ಹನ್ನೆರಡು ದಿನದ ಮೇಲೆ ಒಂದು ಬೆಳಗ್ಗೆ ವಾರ್ಡಿಗೆ ಹೋದರೆ ಮಗು ಬೆನ್ನ ಮೇಲೆ ಮಲಗಿ, ಬಾಯಿ ಮುಚ್ಚಿ, ಸದ್ದಿಲ್ಲದೆ ನಿದ್ದೆ ಮಾಡುತ್ತಿತ್ತು. ಹುಟ್ಟಿದಾಗಿನಿಂದ ಅದು ಹಾಗೆ ಮಲಗಿರಲಿಲ್ಲ. ತಾಯಿ ಬಾಯಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದರು.

ಟ್ರೈನಿಂಗಿನಲ್ಲಿ ಕೊನೆಗೆ ಬರುವ ವಿದ್ಯೆ ಅಂದರೆ ಆಪರೇಷನ್ 'ಬೇಡ' ಅನ್ನುವುದು. ಕ್ಲಿನಿಕ್ಕಿಗೆ ಬರುವ ತಲೆಯ ಆಕಾರದ ದೂರುಗಳಲ್ಲಿ ಹೆಚ್ಚಿನವು ಒಂದೇ ಬದಿ ಮಲಗಿ ಮಲಗಿ ಹಿಂತಲೆ ಚಪ್ಪಟೆಯಾದವು. ಮೇಲಿನಿಂದ ನೋಡಿದರೆ ಚಪ್ಪಟೆಯಾದ ಬದಿಯ ಕಿವಿಯೂ ಹಣೆಯೂ ಒಟ್ಟಿಗೆ ಮುಂದಕ್ಕೆ ಜರುಗಿರುತ್ತವೆ, ಸೂಚರ್ ಮುಚ್ಚಿದ್ದರೆ ಹಾಗೆ ಇರುವುದಿಲ್ಲ. ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಹೇಳಬಹುದು, ಬಹಳ ಸಲ ಸ್ಕ್ಯಾನೂ ಬೇಡ. ಮಲಗುವಾಗ ಬೆನ್ನ ಮೇಲೆಯೇ ಮಲಗಿಸಿ, ಎಚ್ಚರ ಇರುವಾಗ ನೀವು ಪಕ್ಕದಲ್ಲಿ ಕೂತು ಹೊಟ್ಟೆಯ ಮೇಲೆ ಆಡಿಸಿ, ಕುತ್ತಿಗೆ ಬಿಗಿದಿದ್ದರೆ ವ್ಯಾಯಾಮ ಮಾಡಿಸಿ ಅಂತ ಹೇಳಿ ಕಳಿಸುವುದು. ಆ ತಂದೆತಾಯಿ ಎದ್ದು ಹೋಗುವಾಗ ಅವರ ಭುಜ ಹಗುರಾಗುವುದು ಕಣ್ಣಿಗೆ ಕಾಣುತ್ತದೆ. ಅದೇ ರೀತಿ, ಹದಿಮೂರು ಹದಿನಾಲ್ಕು ವರ್ಷದ ಮಗು ಇನ್ನು ಆಪರೇಷನ್ ಸಾಕು ಅಂದರೆ ಕೇಳಬೇಕು. ಏಪರ್ಟ್, ಕ್ರೂಝೋನ್ ಎಂಬ, ಬುರುಡೆ ಮುಖ ಎರಡರ ಬೆಳವಣಿಗೆಯೂ ಕೆಡುವ ಹುಟ್ಟು ತೊಂದರೆ ಇರುವ ಮಕ್ಕಳು ಆ ವಯಸ್ಸಿಗೆ ಎಷ್ಟೋ ಸಲ ಟೇಬಲ್ ಹತ್ತಿರುತ್ತಾರೆ. ಉಸಿರಾಟಕ್ಕೋ ಕಣ್ಣಿಗೋ ಅಪಾಯ ಇದ್ದರೆ ಬೇರೆ ಮಾತು. ಬರೀ ನೋಟಕ್ಕಾದರೆ ಆ ಮುಖ ಅವರದು, ತೀರ್ಮಾನವೂ ಅವರದು. ಇದನ್ನು ನನಗೆ ಯಾವ ಸರ್ಜನ್ನೂ ಕಲಿಸಲಿಲ್ಲ, ನಮ್ಮ ತಂಡದ ಮನಶ್ಶಾಸ್ತ್ರಜ್ಞೆ ಕಲಿಸಿದರು.

ಕೆಲಸದ ಬಗ್ಗೆ ಕೇಳುವವರಿಗೆ ಇನ್ನೆರಡು ಮಾತು. ಬರೀ ಮಕ್ಕಳ ಬುರುಡೆ ಮುಖವನ್ನೇ ಮಾಡಿಕೊಂಡಿರುವ ಹುದ್ದೆ ಕಡಿಮೆ. ಎಷ್ಟೋ ಜನ ವಾರದಲ್ಲಿ ಒಂದೆರಡು ದಿನ ಇದನ್ನು, ಉಳಿದ ದಿನ ಅಪಘಾತ, ಸುಟ್ಟಗಾಯ ನೋಡಿಕೊಂಡು ಇರುತ್ತಾರೆ. ದುಡ್ಡು ಬೇಕೆಂದರೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಬೇರೆ ದಾರಿಗಳಿವೆ. ತಲೆಗೆ ದೀಪ, ಕಣ್ಣಿಗೆ ಭೂತಕನ್ನಡಿ ಕಟ್ಟಿಕೊಂಡು ಬಗ್ಗಿ ನಿಂತು ಕುತ್ತಿಗೆ ಸವೆಯುತ್ತದೆ. ಇದೆಲ್ಲ ನಿಜ. ಆದರೆ ಒಂದು ಬೇಡಿಕೆ, ಸಾಧ್ಯವಾದರೆ ಒಂದೇ ಜಾಗದಲ್ಲಿ ನೆಲೆ ನಿಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಆಸ್ಪತ್ರೆ ಬದಲಿಸುವ ಸರ್ಜನ್‌ಗೆ ತನ್ನ ತಪ್ಪು ಕಾಣುವುದೇ ಇಲ್ಲ, ಅದನ್ನು ಬೇರೆ ಯಾರೋ ನೋಡುತ್ತಿರುತ್ತಾರೆ. ನಾನು ಇಲ್ಲೇ ಉಳಿದದ್ದರಿಂದ ಆ ಹುಡುಗನ ಕಣತಲೆ ನನ್ನ ಕಣ್ಣ ಮುಂದೆಯೇ ತಗ್ಗಾಯಿತು, ಆಮೇಲೆ ಮಾಡಿದ ಹಣೆಗಳೆಲ್ಲ ಬೇರೆಯಾದವು. ಈಗ ತಾಯಂದಿರಿಗೆ ಆಪರೇಷನ್ನಿನ ಮುಂಚೆಯೇ ಹೇಳುತ್ತೇನೆ, ಎರಡು ಮೂರು ದಿನ ಕಣ್ಣು ಊದಿ ಮುಚ್ಚಿಕೊಳ್ಳುತ್ತದೆ, ಊತ ಇಳಿದ ಮೇಲೂ ಹಣೆ ಅಗಲ ಅನ್ನಿಸುತ್ತದೆ, ಬೇಕಂತಲೇ ಹಾಗೆ ಮಾಡಿರುತ್ತೇನೆ ಅಂತ.

ಮೊನ್ನೆ ಆ ಹುಡುಗನಿಗೂ ತಾಯಿಗೂ ಎಲ್ಲ ಬಿಡಿಸಿ ಹೇಳಿದೆ. ತಗ್ಗು ಯಾಕೆ ಬಂತು, ಅವತ್ತು ನಾನು ಎಲ್ಲಿ ಕಡಿಮೆ ಮಾಡಿದೆ, ಈಗ ಏನು ಮಾಡಬಹುದು. ಹೊಟ್ಟೆಯಿಂದ ಸ್ವಲ್ಪ ಕೊಬ್ಬು ತೆಗೆದು ಅಲ್ಲಿ ತುಂಬಬಹುದು, ಚಿಕ್ಕ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು. ಅವನು ಕೂದಲು ಹಿಂದಕ್ಕೆ ಸರಿಸಿ ಫೋನಿನ ಕ್ಯಾಮೆರಾದಲ್ಲಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿಕೊಂಡ. ಆಮೇಲೆ ಆಪರೇಷನ್‌ಗಿಂತ ಮುಂಚಿನ ಫೋಟೋ ಇದೆಯಾ ಅಂತ ಕೇಳಿದ. ತೋರಿಸಿದೆ. ತುಂಬಾ ಹೊತ್ತು ನೋಡಿದ. ಅದನ್ನು ತನ್ನ ಫೋನಿಗೆ ಕಳಿಸಲು ಹೇಳಿದ. ಕೊಬ್ಬು ತುಂಬುವುದು ಸದ್ಯಕ್ಕೆ ಬೇಡವಂತೆ, ಪರೀಕ್ಷೆ ಇದೆಯಂತೆ. ಎರಡು ವರ್ಷ ಬಿಟ್ಟು ಬರಲು ಫೈಲಿನಲ್ಲಿ ಬರೆದಿದ್ದೇನೆ. ಆಗ ಅವನಿಗೆ 18.